ಕೋಟೆ ಬಿದ್ದ ಮೇಲಿನ ಶ್ರೀರಂಗಪಟ್ಟಣ

ಶ್ರೀರಂಗಪಟ್ಟಣಕ್ಕೆ ಬರುವವರಲ್ಲಿ ಹೆಚ್ಚಿನವರು ಅರ್ಧ ದಿನದಲ್ಲಿ ಊರು ನೋಡಿ ಮುಗಿಸುತ್ತಾರೆ. ವಾಹನ ರಂಗನಾಥಸ್ವಾಮಿ ದೇವಸ್ಥಾನದ ಮುಂದೆ ಒಮ್ಮೆ ನಿಲ್ಲುತ್ತದೆ. ಆಮೇಲೆ ಟಿಪ್ಪುವಿನ ಶವ ಸಿಕ್ಕಿದ ಜಾಗ, ಕರ್ನಲ್ ಬೇಲಿ ಬಂದೀಖಾನೆ, ದರಿಯಾ ದೌಲತ್, ಗುಂಬಜ್, ಕೊನೆಗೆ ನಿಮಿಷಾಂಬ ಇಲ್ಲವೇ ಸಂಗಮ. ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಗೈಡು ಹೇಳುವ ಕಥೆ 1799ರ ಮೇ 4ರ ಮಧ್ಯಾಹ್ನಕ್ಕೆ ಬಂದು ಮುಗಿಯುತ್ತದೆ. ಅಂದು ಬ್ರಿಟಿಷರ ಲಗ್ಗೆಗೆ ಕೋಟೆ ಬಿತ್ತು, ದೊರೆ ಟಿಪ್ಪು ಸತ್ತ, ರಾಜಧಾನಿ ಹಾಳಾಯಿತು. ಈ ಮೂರರಲ್ಲಿ ಮೊದಲ ಎರಡು ನಿಜ. ಮೂರನೆಯದನ್ನು ನಾವು ಪರೀಕ್ಷೆ ಮಾಡದೆ ಒಪ್ಪಿಕೊಂಡು ಬಂದಿದ್ದೇವೆ. ನನ್ನ ವಾದ ಇಷ್ಟು: ಶ್ರೀರಂಗಪಟ್ಟಣವನ್ನು ಯುದ್ಧ ಗಾಯಗೊಳಿಸಿತು, ಬರಿದು ಮಾಡಿದ್ದು ಮಾತ್ರ ಯುದ್ಧದ ನಂತರದ ದಶಕಗಳಲ್ಲಿ ಕಾಗದದ ಮೇಲೆ ಆದ ತೀರ್ಮಾನಗಳು. ಹೊಸ ದೊರೆಗೆ ಪಟ್ಟ ಎಲ್ಲಿ ಕಟ್ಟಬೇಕು, ದ್ವೀಪ ಯಾರಿಗೆ ಸೇರಬೇಕು, ಪಡೆ ಎಲ್ಲಿ ಬೀಡುಬಿಡಬೇಕು ಎಂಬ ತೀರ್ಮಾನಗಳು. ಅವುಗಳ ಗುರುತು ಈಗಲೂ ನೆಲದ ಮೇಲಿದೆ. ಆದರೆ ಆ ಗುರುತುಗಳು ಇರುವುದು ವಾಹನ ನಿಲ್ಲದ ಕಡೆ, ಒಂದು ಸ್ಮಾರಕಕ್ಕೂ ಇನ್ನೊಂದಕ್ಕೂ ನಡುವಿನ ದಾರಿಯಲ್ಲಿ. ಸುಮಾರು ಐದು ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್ ಅಗಲದ ಈ ದ್ವೀಪವನ್ನು ಕಾಲ್ನಡಿಗೆಯಲ್ಲಿ ನೋಡಬೇಕು ಎಂದು ಹೇಳುವುದಕ್ಕೆ ಅದೇ ಕಾರಣ.

ಒಂದು ದಿನದ ಕಥೆ ಇಡೀ ಊರಿನ ಕಥೆಯಾದದ್ದು ಹೇಗೆ ಎಂಬುದನ್ನು ಮೊದಲು ಗಮನಿಸಬೇಕು. ಕೋಟೆ ಬಿದ್ದ ಮರುವರ್ಷವೇ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಚಿತ್ರಕಾರ ಲಂಡನ್ನಿನಲ್ಲಿ ಈ ಲಗ್ಗೆಯ ಬೃಹತ್ ಚಿತ್ರಪಟವನ್ನು ಪ್ರದರ್ಶಿಸಿದ. ಜನ ಹಣ ಕೊಟ್ಟು ನೋಡಿದರು. 1839ರಲ್ಲಿ ಡೇವಿಡ್ ವಿಲ್ಕಿ, ಲಗ್ಗೆಯ ಮುಂದಾಳು ಜನರಲ್ ಬೇರ್ಡ್ ಟಿಪ್ಪುವಿನ ಶವ ಕಂಡ ಕ್ಷಣವನ್ನು ಚಿತ್ರಿಸಿದ. 1868ರಲ್ಲಿ ವಿಲ್ಕಿ ಕಾಲಿನ್ಸ್ ಬರೆದ ಪತ್ತೇದಾರಿ ಕಾದಂಬರಿ ‘ದಿ ಮೂನ್‌ಸ್ಟೋನ್’ ತೆರೆದುಕೊಳ್ಳುವುದು ಇದೇ ಕೋಟೆಯ ಲೂಟಿಯೊಂದಿಗೆ. ಈ ಊರನ್ನು ಎಂದೂ ಕಾಣದ ಇಂಗ್ಲಿಷ್ ಓದುಗರಿಗೆ ಶ್ರೀರಂಗಪಟ್ಟಣವೆಂದರೆ ಒಂದು ಮಧ್ಯಾಹ್ನ ಮಾತ್ರ. ನಮ್ಮ ಕಡೆ ಲಾವಣಿಕಾರರು ಅದೇ ದಿನವನ್ನು ದುಃಖದಿಂದ ಹಾಡಿದರು. ಹಾಡಿನ ಭಾವ ಬೇರೆ, ತಾರೀಖು ಅದೇ. ಇಂದಿಗೂ ಟಿಪ್ಪುವನ್ನು ಹೊಗಳುವವರು, ತೆಗಳುವವರು ಇಬ್ಬರೂ ಆ ಒಂದು ವಿಷಯದಲ್ಲಿ ಜಗಳವಿಲ್ಲದೆ ಒಪ್ಪುತ್ತಾರೆ: ಊರಿನ ಚರಿತ್ರೆ ಅಲ್ಲಿಗೆ ಮುಗಿಯಿತು ಎಂದು. ಕೋಟೆಯ ವಾಯವ್ಯ ಮೂಲೆಯಲ್ಲಿ, ಗೋಡೆ ಒಡೆದ ಜಾಗದ ಬಳಿ ನಿಂತಿರುವ ಸ್ಮಾರಕ ಕಂಬ ಕೂಡ ಆ ಕಾಲದ್ದಲ್ಲ. ಅದನ್ನು ಮೈಸೂರು ಸರ್ಕಾರ ನಿಲ್ಲಿಸಿದ್ದು 1907ರಲ್ಲಿ, ನೂರೆಂಟು ವರ್ಷಗಳ ನಂತರ. ಘಟನೆಯಷ್ಟೇ ಅದರ ನೆನಪನ್ನೂ ಯಾರೋ ಕಟ್ಟಿದ್ದಾರೆ ಎಂಬುದಕ್ಕೆ ಆ ಕಂಬವೇ ಸಾಕ್ಷಿ.

ನಡಿಗೆಯನ್ನು ಉತ್ತರದ ಕವಲಿನ ಮೇಲಿರುವ ವೆಲ್ಲೆಸ್ಲಿ ಸೇತುವೆಯಿಂದ ಶುರು ಮಾಡಬೇಕು. ಹೆದ್ದಾರಿಯ ಸೇತುವೆ ಬಂದ ಮೇಲೆ ಇದರತ್ತ ಹೆಚ್ಚು ಜನ ಸುಳಿಯುವುದಿಲ್ಲ. ಇದಕ್ಕೆ ಕಮಾನುಗಳಿಲ್ಲ. ನದಿಯ ಬಂಡೆಯಲ್ಲಿ ನೆಟ್ಟ ಒರಟು ಕಲ್ಲುಗಂಬಗಳ ಸಾಲು, ಅವುಗಳ ಮೇಲೆ ಚಾಚುಗಲ್ಲು, ಅದರ ಮೇಲೆ ಉದ್ದನೆಯ ಕಲ್ಲುತೊಲೆ, ಹಾಸುಗಲ್ಲು. ದೇವಾಲಯದ ಮಂಟಪ ಕಟ್ಟಿ ಪಳಗಿದ ಕೈಗಳು ಅದೇ ಕ್ರಮದಲ್ಲಿ ನದಿಗೆ ಅಡ್ಡಲಾಗಿ ಕೆಲಸ ಮಾಡಿರುವುದು ಕೆಳಗಿಳಿದು ನೋಡಿದರೆ ಕಾಣುತ್ತದೆ. ನೂರು ವರ್ಷಕ್ಕೂ ಮೀರಿ ಬೆಂಗಳೂರು-ಮೈಸೂರು ದಾರಿಯ ಭಾರವನ್ನೂ ಕಾವೇರಿಯ ಪ್ರವಾಹವನ್ನೂ ಇದು ತಡೆದುಕೊಂಡಿತು. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಕಟ್ಟಿದ ಸೇತುವೆ ಇದು; 1804ರಲ್ಲಿ ಮುಗಿಯಿತು. ಹೆಸರು ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಯದು. ಇಲ್ಲಿಯೇ ಅಧಿಕಾರ ನಡೆಸುತ್ತಿದ್ದ ಅವನ ತಮ್ಮ ಆರ್ಥರ್‌ನದಲ್ಲ. ನನಗೆ ಮುಖ್ಯವಾಗಿ ಕಾಣುವುದು ಆ ವರ್ಷ. ಊರು 1799ರಲ್ಲೇ ಸತ್ತಿದ್ದರೆ ಐದು ವರ್ಷದ ಮೇಲೆ ಅದಕ್ಕೆ ಇಷ್ಟು ಗಟ್ಟಿಯಾದ ಸೇತುವೆ ಏಕೆ ಬೇಕಿತ್ತು? ಪೂರ್ಣಯ್ಯ ದುಂದುಗಾರರಲ್ಲ. ಲೆಕ್ಕಪತ್ರದಲ್ಲಿ ಪಳಗಿ, ಹೈದರ್ ಮತ್ತು ಟಿಪ್ಪು ಇಬ್ಬರ ಕೈಕೆಳಗೂ ಖಜಾನೆ ನೋಡಿಕೊಂಡಿದ್ದವರು. ಸೇತುವೆ ಮೈಸೂರಿಗೆ ಹೋಗುವ ದಾರಿಗಾಗಿ, ಊರಿಗಾಗಿ ಅಲ್ಲ ಎಂದು ಯಾರಾದರೂ ಹೇಳಬಹುದು. ಆ ಮಾತಿನಲ್ಲಿ ಹುರುಳಿದೆ. ಆದರೆ ದಾರಿ ದ್ವೀಪದ ಮೂಲಕವೇ ಹಾಯಬೇಕು ಎಂದು ನಿರ್ಧರಿಸಿದ್ದೂ, ಪೂರ್ಣಯ್ಯ ತಮ್ಮ ಕೊನೆಯ ದಿನಗಳನ್ನು ಇಲ್ಲಿಯೇ ಕಳೆದು 1812ರಲ್ಲಿ ಇಲ್ಲಿಯೇ ತೀರಿಕೊಂಡದ್ದೂ ಅದರ ಜೊತೆಗೆ ಸೇರಿಸಿ ನೋಡಬೇಕಾದ ಸಂಗತಿಗಳು.

ಇಲ್ಲಿ ರಾಜಧಾನಿ ನಿಂತದ್ದೇ ನದಿಯ ಬಲದ ಮೇಲೆ. ರಂಗನಾಥನ ಗುಡಿಯ ಮೂಲ ಗಂಗರ ಕಾಲಕ್ಕೆ, 894ರಲ್ಲಿ ತಿರುಮಲಯ್ಯ ಎಂಬವನಿಗೆ ಹೋಗುತ್ತದೆ ಎನ್ನುತ್ತದೆ ಐತಿಹ್ಯ. ಕೋಟೆಯನ್ನು 1454ರಲ್ಲಿ ವಿಜಯನಗರದ ಅಪ್ಪಣೆ ಪಡೆದು ತಿಮ್ಮಣ್ಣ ಹೆಬ್ಬಾರ ಕಟ್ಟಿಸಿದ ಎಂದೂ ಹೇಳುತ್ತಾರೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ಊರನ್ನು ವಶಪಡಿಸಿಕೊಂಡು, ಆ ವರ್ಷವೇ ಇಲ್ಲಿ ದಸರಾ ಆರಂಭಿಸಿದರು. ಆಮೇಲೆ ಬಂದ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಣೆ ಹಾಕಿಸಿ, ಬಂಗಾರದೊಡ್ಡಿ ನಾಲೆಯನ್ನು ನದಿಯ ದಕ್ಷಿಣ ಕವಲಿನ ಮೇಲೆ ಮೇಲ್ಗಾಲುವೆಯಲ್ಲಿ ದಾಟಿಸಿ ದ್ವೀಪದೊಳಕ್ಕೆ ತಂದರು. ಸುತ್ತ ನದಿ ಇರುವ ದ್ವೀಪಕ್ಕೆ ನದಿಯ ಮೇಲಿಂದಲೇ ನೀರು ತರುವುದು! ಹರಿಯುವ ನೀರು ಕೋಟೆಗಿಂತ ತಗ್ಗಿನಲ್ಲಿತ್ತು. ಮೇಲಿನ ಅಣೆಯಿಂದ ತಂದ ನೀರು ತಾನಾಗಿಯೇ ಇಳಿದು ಬರುತ್ತಿತ್ತು. ಆ ಕಾಲದ ಅಣೆಯಿಂದ ಮೂಡಿದ ನಡುಗಡ್ಡೆಗಳೇ ಇಂದಿನ ರಂಗನತಿಟ್ಟು. 1940ರಲ್ಲಿ ಸಲೀಂ ಅಲಿಯವರ ಮಾತಿನಿಂದ ಪಕ್ಷಿಧಾಮವಾದದ್ದು. ದೋಣಿಯಲ್ಲಿ ಕೂತು ಹಕ್ಕಿ ನೋಡುವವರಿಗೆ ತಾವು ಹದಿನೇಳನೆಯ ಶತಮಾನದ ನೀರಾವರಿ ಕಾಮಗಾರಿಯ ನಡುವೆ ತೇಲುತ್ತಿದ್ದೇವೆ ಎಂದು ಯಾರೂ ಹೇಳುವುದಿಲ್ಲ. ಯುದ್ಧದಲ್ಲೂ ನದಿಯೇ ಪಂಚಾಂಗ. 1791ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ದ್ವೀಪದ ಹೊಸ್ತಿಲವರೆಗೆ ಬಂದು, ಮಳೆ ಮತ್ತು ಹಸಿವಿಗೆ ಸೋತು, ಕನ್ನಂಬಾಡಿಯ ಬಳಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂತಿರುಗಿದ. 1799ರಲ್ಲಿ ಬ್ರಿಟಿಷ್ ಸೇನಾಪತಿ ಹ್ಯಾರಿಸ್ ಮಳೆಗಾಲದ ನೀರು ಏರುವುದರೊಳಗೆ ಮುಗಿಸುವ ಆತುರದಲ್ಲಿದ್ದ. ಮೇ 4ರ ಮಧ್ಯಾಹ್ನ ಒಂದು ಗಂಟೆಗೆ ಬೇರ್ಡ್‌ನ ಪಡೆ ದಾಟಿದ್ದು ಬಂಡೆಗಳು ಎದ್ದು ಕಾಣುತ್ತಿದ್ದ ಆಳವಿಲ್ಲದ ಪಾತ್ರವನ್ನು. ಕೆಲವು ವಾರ ತಡವಾಗಿದ್ದರೆ ಕಥೆ ಬೇರೆಯಾಗಬಹುದಿತ್ತು. ಇಂದು ಅದೇ ಜಾಗದಲ್ಲಿ ನಿಂತು ನೋಡುವವರು ಒಂದು ಮಾತು ಮರೆಯಬಾರದು: ಕನ್ನಂಬಾಡಿ ಕಟ್ಟೆ ಕಟ್ಟಿದ ಮೇಲೆ ಹರಿವಿನ ಹೊತ್ತು ಗೊತ್ತು ಎಂಜಿನಿಯರುಗಳ ಕೈಗೆ ಬಂದಿದೆ, ನಮ್ಮ ಕಣ್ಣಿಗೆ ಬೀಳುವುದು ಅಂದಿನ ನದಿಯಲ್ಲ.

ನನ್ನ ವಾದಕ್ಕೆ ಬರುವ ಮೊದಲ ಮತ್ತು ಅತ್ಯಂತ ಗಟ್ಟಿಯಾದ ಆಕ್ಷೇಪ ಜನಸಂಖ್ಯೆಯದು. ಫ್ರಾನ್ಸಿಸ್ ಬುಕನನ್ ಕೋಟೆ ಬಿದ್ದ ಮರುವರ್ಷ, 1800ರ ಮೇ ತಿಂಗಳಲ್ಲಿ, ಇಲ್ಲಿಗೆ ಬಂದ. ಈಸ್ಟ್ ಇಂಡಿಯಾ ಕಂಪನಿಗಾಗಿ ನಾಡಿನ ಬೆಳೆ, ಕಸುಬು, ಜಾತಿ, ಸಂತೆ ಎಲ್ಲವನ್ನೂ ಬರೆದಿಟ್ಟ ಈ ವೈದ್ಯ ಕೋಟೆಯೊಳಗೆ 4,163, ಗಂಜಾಂ ಪೇಟೆಯಲ್ಲಿ 2,216 ಮನೆಗಳಿವೆ ಎಂದು ದಾಖಲಿಸಿ, ಮನೆಗೆ ಐವರಂತೆ 31,895 ಜನ ಎಂದು ಲೆಕ್ಕ ಹಾಕಿದ. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಇದ್ದಿರಬೇಕೆಂದು ಅವನ ಅಂದಾಜು. ಒಂದೇ ವರ್ಷದಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಹೋದರೆಂದರೆ ಅದು ಯುದ್ಧದ ಕೆಲಸವಲ್ಲವೇ? ಲಗ್ಗೆಯ ದಿನದ ಸಾವು, ಆ ರಾತ್ರಿಯ ಲೂಟಿ, ಲೂಟಿ ನಿಲ್ಲಿಸಲು ಆರ್ಥರ್ ವೆಲ್ಲೆಸ್ಲಿ ಗಲ್ಲು ಹಾಕಿಸಿದ್ದು, ಇದಾವುದನ್ನೂ ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ಈ ಎರಡು ಅಂಕಿಗಳ ತೂಕ ಒಂದೇ ಅಲ್ಲ. 31,895 ಎಂಬುದು ಮನೆ ಎಣಿಸಿ ಗುಣಿಸಿದ್ದು. ಒಂದೂವರೆ ಲಕ್ಷ ಎಂಬುದು ತಾನು ಕಾಣದ ಕಾಲದ ಬಗ್ಗೆ ಊಹಿಸಿದ್ದು. ಊಹೆ ಸರಿಯೆಂದೇ ಇಟ್ಟುಕೊಳ್ಳೋಣ. ಹೋದವರು ಯಾರು? ದೊರೆಯ ಸೈನ್ಯ, ಆ ಸೈನ್ಯವನ್ನು ನಂಬಿದ ಲಾಯ, ಮದ್ದಿನಮನೆ, ಟಂಕಸಾಲೆ, ಕಾರ್ಖಾನೆಗಳ ಕೈಕೆಲಸದವರು, ಅರಮನೆಯ ಊಳಿಗದವರು. ಅರಸೊತ್ತಿಗೆ ಇದ್ದರೆ ಇವರು ಇರುತ್ತಾರೆ, ಹೋದರೆ ಹೋಗುತ್ತಾರೆ. ಹಾಗಾಗಿ ಬುಕನನ್ನನ ಅಂಕಿ ನನ್ನ ವಾದಕ್ಕೆ ಎದುರಲ್ಲ, ಆಸರೆ. ಅರಸೊತ್ತಿಗೆ ಇಲ್ಲಿಗೆ ಮರಳಿದ್ದರೆ ಜನರೂ ಮರಳುತ್ತಿದ್ದರು. ಎಲ್ಲ ಕಳೆದ ಮೇಲೂ ಮೂವತ್ತೆರಡು ಸಾವಿರದ ಹತ್ತಿರ ಉಳಿದಿದ್ದ ಊರು ಆ ಕಾಲದ ಮೈಸೂರು ಸೀಮೆಯಲ್ಲಿ ಸಣ್ಣ ಊರಲ್ಲ. 1901ರ ಜನಗಣತಿಯ ಹೊತ್ತಿಗೆ ಅದು ಎಂಟೂವರೆ ಸಾವಿರಕ್ಕೆ ಇಳಿದಿತ್ತು. ಆ ಎರಡನೆಯ ಇಳಿತಕ್ಕೆ ಯಾವ ಫಿರಂಗಿಯನ್ನೂ ದೂರುವಂತಿಲ್ಲ.

ಅರಸೊತ್ತಿಗೆ ಏಕೆ ಮರಳಲಿಲ್ಲ? 1799ರ ಜೂನ್ 30ರಂದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದದ್ದು ಮೈಸೂರಿನಲ್ಲಿ, ಲಕ್ಷ್ಮೀರಮಣಸ್ವಾಮಿ ದೇವಸ್ಥಾನದ ಬಳಿ ಹಾಕಿದ ಚಪ್ಪರದಲ್ಲಿ. ಮೈಸೂರಿನ ಹಳೆಯ ಕೋಟೆಯನ್ನು ಟಿಪ್ಪು ಕೆಡವಿಸಿ ಕಲ್ಲುಗಳನ್ನು ನಜರ್‌ಬಾದಿಗೆ ಸಾಗಿಸಿದ್ದ. ಅಲ್ಲಿ ಪಟ್ಟ ಕಟ್ಟಲು ಒಂದು ಅರಮನೆಯೂ ಉಳಿದಿರಲಿಲ್ಲ. ಹೀಗಿದ್ದೂ, ಒಂಬತ್ತು ಮೈಲಿಯಾಚೆ ನೂರೆಂಬತ್ತೊಂಬತ್ತು ವರ್ಷ ರಾಜಧಾನಿಯಾಗಿದ್ದ ಊರು ಕಟ್ಟಡಗಳ ಸಮೇತ ನಿಂತಿರುವಾಗ, ಚಪ್ಪರದಲ್ಲಿ ಪಟ್ಟ ಕಟ್ಟಿದ್ದು ಆಕಸ್ಮಿಕವಲ್ಲ. ಒಡೆಯರ ಮೂಲಸ್ಥಾನ ಮೈಸೂರು ಎಂಬ ಭಾವನೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಗೆದ್ದವರು ನಾಡನ್ನು ಹಂಚಿಕೊಂಡಾಗ ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿ ತನಗೇ ಇಟ್ಟುಕೊಂಡದ್ದು. ಮೈಸೂರು ರಾಜ್ಯದ ನಟ್ಟನಡುವೆ ಇದ್ದ ಈ ಊರು ಮೈಸೂರು ರಾಜ್ಯದ್ದಾಗಿರಲಿಲ್ಲ. ಮುಂದೆ ವರ್ಷಕ್ಕೆ ಐವತ್ತು ಸಾವಿರ ರೂಪಾಯಿಗೆ ಮೈಸೂರಿಗೆ ಗುತ್ತಿಗೆ ಕೊಟ್ಟರು. ಒಡೆತನ ಮರಳಿದ್ದು 1881ರಲ್ಲಿ, ಬೆಂಗಳೂರಿನ ದಂಡು ಪ್ರದೇಶವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ ಬದಲಿಗೆ. ಗುತ್ತಿಗೆಯ ನೆಲಕ್ಕೆ ಯಾವ ದೊರೆ ಅರಮನೆ ಕಟ್ಟಿಸುತ್ತಾನೆ, ಯಾವ ವ್ಯಾಪಾರಿ ಮೂರು ತಲೆಮಾರಿನ ಬಂಡವಾಳ ಹಾಕುತ್ತಾನೆ? ದಸರಾ ಮೈಸೂರಿನ ಪಾಲಾಯಿತು. ನಂತರ ಬಂದ ಕಾರಕೂನರು, ಸಂಗೀತಗಾರರು, ಶಿಲ್ಪಿಗಳು, ಪಂಡಿತರು ಎಲ್ಲರೂ ದಸರಾ ನಡೆಯುವ ಊರಿಗೇ ಹೋದರು.

ಉಳಿದದ್ದು ದಂಡು. ಅದರ ಕಥೆ ಓದಬೇಕಾದರೆ ಊರಿನ ಅಂಚಿನಲ್ಲಿ, ನದಿಯ ಪಕ್ಕದಲ್ಲಿರುವ ಗ್ಯಾರಿಸನ್ ಸ್ಮಶಾನಕ್ಕೆ ಹೋಗಬೇಕು. ಅಲ್ಲಿರುವವರು ಲಗ್ಗೆಯ ವೀರರು ಎಂದು ಭಾವಿಸಿ ಒಳಗೆ ಹೋದವರಿಗೆ ಕಲ್ಲುಗಳು ಬೇರೆ ಮಾತು ಹೇಳುತ್ತವೆ. ಇಲ್ಲಿ ಮಲಗಿರುವವರು ಕೋಟೆ ಬಿದ್ದ ಮೇಲೆ ಇಲ್ಲಿ ಬೀಡುಬಿಟ್ಟಿದ್ದ ಪಡೆಯವರು, ಅವರ ಹೆಂಡತಿಯರು, ಮಕ್ಕಳು. ಬ್ರಿಟಿಷರ ಸಂಬಳದಲ್ಲಿದ್ದ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರೂ ಇದ್ದಾರೆ. ಇವರನ್ನು ಕೊಂದದ್ದು ಹೆಚ್ಚಾಗಿ ಜ್ವರ. ಆ ಜ್ವರದ ಕಾರಣದಿಂದಲೇ 1809ರ ಸುಮಾರಿಗೆ ಪಡೆಗಳು ಬೆಂಗಳೂರಿನ ಹಲಸೂರಿನ ಕಡೆಗೆ ಹೊರಟವು. 1811ರಲ್ಲಿ ಸೇನೆಯ ಮುಖ್ಯ ಠಾಣ್ಯವೂ ಹೋಯಿತು. ಬೆಂಗಳೂರಿನ ದಂಡು ಹುಟ್ಟಿದ್ದು ಹೀಗೆ, ಶ್ರೀರಂಗಪಟ್ಟಣದ ರೋಗದಿಂದ. ಹಾಗಾದರೆ ಊರನ್ನು ಬರಿದು ಮಾಡಿದ್ದು ಪ್ರಕೃತಿ, ಮನುಷ್ಯರ ತೀರ್ಮಾನವಲ್ಲ ಎಂಬುದು ಎರಡನೆಯ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗದ್ದೆ, ನಾಲೆ, ನೀರು ನಿಂತ ಕಂದಕ ಇರುವ ಊರಿನಲ್ಲಿ ಮಲೇರಿಯಾ ಕಟ್ಟುಕಥೆಯಲ್ಲ. ಸೊಳ್ಳೆಗೂ ಜ್ವರಕ್ಕೂ ಇರುವ ನಂಟನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಅದಕ್ಕೆ ಮುಂಚೆ ಜ್ವರ ಹರಡುವ ಬಗೆ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಆದರೂ ಕಾಲಕ್ರಮ ನೋಡಿ. ಗದ್ದೆ, ನಾಲೆಗಳು ಕಂಠೀರವ ನರಸರಾಜರ ಕಾಲದಿಂದ ಇದ್ದವು. ಒಡೆಯರು, ಹೈದರ್, ಟಿಪ್ಪು ಅದೇ ನೀರಿನ ನಡುವೆ ಆಳಿದರು. ರಾಜಧಾನಿ ಹೋದದ್ದು 1799ರ ಜೂನ್ ತಿಂಗಳಲ್ಲಿ. ಪಡೆ ಜ್ವರಕ್ಕೆ ಹೆದರಿ ಹೋದದ್ದು ಅದಕ್ಕೆ ಹತ್ತು ವರ್ಷ ತಡವಾಗಿ. ಜ್ವರ ದಂಡನ್ನು ಓಡಿಸಿತು, ಒಪ್ಪೋಣ. ಊರಿಗೆ ದಂಡಿನ ಹೊರತು ಬೇರೆ ಆಸರೆ ಇಲ್ಲದಂತೆ ಮಾಡಿದ್ದು ಜ್ವರವಲ್ಲ.

ಆ ಮೇಲೆ ಊರು ಒಂದೊಂದು ತೊಲೆ, ಒಂದೊಂದು ಕಲ್ಲಾಗಿ ಸಾಗಿಹೋಯಿತು. ರಂಗನಾಥನ ಗುಡಿಯ ಸಮೀಪ ಟಿಪ್ಪುವಿನ ಅರಮನೆ ಲಾಲ್‌ಮಹಲ್ ಇದ್ದ ಜಾಗದಲ್ಲಿ ಇಂದು ಅಡಿಪಾಯ ಮಾತ್ರ ಕಾಣುತ್ತದೆ. ಅದನ್ನು ಫಿರಂಗಿ ಹೊಡೆದುರುಳಿಸಿತು ಎಂದೇ ಬಹಳ ಜನ ನಂಬಿದ್ದಾರೆ. ಅದರ ಮರಮುಟ್ಟು ನೋಡಬೇಕಾದರೆ ಉದಕಮಂಡಲಕ್ಕೆ ಹೋಗಬೇಕು: 1830ರ ಸುಮಾರಿಗೆ ಅಲ್ಲಿ ಸೇಂಟ್ ಸ್ಟೀಫನ್ಸ್ ಚರ್ಚು ಕಟ್ಟುವಾಗ ಲಾಲ್‌ಮಹಲಿನ ತೊಲೆ ಕಂಬಗಳನ್ನು ಘಟ್ಟ ಹತ್ತಿಸಿ ಸಾಗಿಸಿದರು. ಯುದ್ಧ ಮುಗಿದು ಮೂವತ್ತು ವರ್ಷವಾದರೂ ಸಾಗಿಸಲು ಯೋಗ್ಯವಾದ ಮರ ಆ ಅರಮನೆಯಲ್ಲಿತ್ತು ಎಂಬುದನ್ನು ಗಮನಿಸಿ. ದರಿಯಾ ದೌಲತ್ ಉಳಿದದ್ದಕ್ಕೂ ಕಾರಣ ಯುದ್ಧದ ಕರುಣೆಯಲ್ಲ, ಬಳಕೆ. 1784ರಲ್ಲಿ ಕಟ್ಟಿದ ಆ ತೇಗದ ಮಹಲಿನಲ್ಲಿ ಆರ್ಥರ್ ವೆಲ್ಲೆಸ್ಲಿ ವಾಸವಿದ್ದ. ಗೋಡೆಯ ಚಿತ್ರಗಳು ಮಾಸಿದ ಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ 1855ರಲ್ಲಿ ಮತ್ತೆ ಬರೆಸಿದ. ಪೊಳ್ಳಿಲೂರಿನ ಯುದ್ಧದಲ್ಲಿ ಇಂಗ್ಲಿಷರು ಸೋತ ಆ ಗೋಡೆಯ ಚಿತ್ರವನ್ನು ಇಂಗ್ಲಿಷರೇ ಕಾಪಾಡಿದರು. ಬಳಸುವವರಿದ್ದ ಕಟ್ಟಡ ನಿಂತಿತು, ಬಳಸುವವರಿಲ್ಲದ್ದು ಮರ ಕಲ್ಲಿನ ಗಣಿಯಾಯಿತು. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ಹಳಿ ಬಂದಾಗ ಅದನ್ನು ಕೋಟೆಯ ಹೊಟ್ಟೆಯೊಳಗಿಂದಲೇ ಹಾಯಿಸಿದರು. ಹಳಿ ಜೋಡಿಯಾಗಬೇಕಾದಾಗ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನಮನೆಯನ್ನು 2017ರಲ್ಲಿ ಒಡೆಯದೆ, ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಎರಡು ನಿರ್ಧಾರಗಳ ನಡುವಿನ ಅಂತರ ನೋಡಿದರೆ ನಾವು ಏನನ್ನೋ ಕಲಿತಿದ್ದೇವೆ ಎಂಬ ಸಮಾಧಾನ ಉಂಟಾಗುತ್ತದೆ.

ಇನ್ನೊಂದು ಆಕ್ಷೇಪ ನಡಿಗೆಯ ಬಗ್ಗೆಯೇ. ಕಲ್ಲು ತಾನಾಗಿ ಮಾತಾಡುವುದಿಲ್ಲ. ನಡೆಯುವವನ ಕಿವಿಗೆ ಬೀಳುವುದು ದಂತಕಥೆ ಮಾತ್ರ ಎಂದು ದಾಖಲೆ ನಂಬುವ ಇತಿಹಾಸಕಾರರು ಹೇಳಬಹುದು. ನದಿಯ ದಡದ ಸ್ಕಾಟ್ ಬಂಗಲೆ ಇದಕ್ಕೆ ಒಳ್ಳೆಯ ಉದಾಹರಣೆ. ಹೆಂಡತಿ ಮಕ್ಕಳನ್ನು ಕಾಲರಾಕ್ಕೆ ಕಳೆದುಕೊಂಡ ಕರ್ನಲ್ ಸ್ಕಾಟ್ ಮನೆಯನ್ನು ಇದ್ದಂತೆಯೇ ಬಿಟ್ಟು ಕಾವೇರಿಯ ಕಡೆ ನಡೆದುಹೋದ ಎಂಬ ಕಥೆ ಎಲ್ಲರಿಗೂ ಪ್ರಿಯ. ಆ ಬಂಗಲೆಯಲ್ಲಿ ನಿಜಕ್ಕೂ ಗಮನಿಸಬೇಕಾದದ್ದು ಸ್ಕಾಟ್‌ನ ಉದ್ಯೋಗ: ಅವನು ಇಲ್ಲಿದ್ದ ಫಿರಂಗಿಗಾಡಿ ಕಾರ್ಖಾನೆಯ ಮೇಲಧಿಕಾರಿ. ಅಂದರೆ ಯುದ್ಧ ಮುಗಿದ ಮೇಲೂ ಈ ಊರಿನಲ್ಲಿ ಬಡಗಿ, ಕಮ್ಮಾರರಿಗೆ ಕೆಲಸವಿತ್ತು. ದಂತಕಥೆ ಸುಳ್ಳಿರಬಹುದು, ಅದು ಹುಟ್ಟಿಕೊಂಡ ಕಟ್ಟಡ ಸುಳ್ಳಲ್ಲ. ಹಾಗಾಗಿ ನಡೆಯುವವರ ಕೈಯಲ್ಲಿ ಬುಕನನ್ನನ ಪುಸ್ತಕವಿರಬೇಕು, ಪುಸ್ತಕ ಓದುವವರ ಕಾಲು ಈ ನೆಲದ ಮೇಲಿರಬೇಕು. ಗಂಜಾಮಿಗೆ ನಡೆದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಬುಕನನ್ 2,216 ಮನೆ ಎಂದು ಬರೆದ ಪೇಟೆ ಅದು. ಅಲ್ಲಿ 1800ರಲ್ಲಿ ನೆಲೆಗೊಂಡ ಚರ್ಚು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್‌ನದು. ಯುದ್ಧದ ನಂತರ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವನು. ಮೈಸೂರು ಸೀಮೆಯಲ್ಲಿ ಸಿಡುಬಿಗೆ ದಾಕು ಹಾಕಿಸಲು ದುಡಿದವನು. ಮುಗಿದುಹೋದ ಊರಿನಲ್ಲಿ ಹೊಸ ಚರ್ಚು ಏಳುವುದಿಲ್ಲ. ಇತ್ತ ಕೋಟೆಯೊಳಗೆ ರಂಗನಾಥನ ಪೂಜೆ ಗಂಗರಿಂದ ಇಂದಿನವರೆಗೆ ಯಾವ ಆಳ್ವಿಕೆಯನ್ನೂ ಲೆಕ್ಕಿಸದೆ ಬಂದಿದೆ. ಅರಮನೆ ಪಕ್ಕದಲ್ಲೇ ಇದ್ದ ಈ ಗುಡಿಗೆ ಟಿಪ್ಪು ಕೊಟ್ಟ ಬೆಳ್ಳಿಯ ಪಾತ್ರೆಗಳಿವೆ. ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಜನ ಈಗಲೂ ಬರುತ್ತಾರೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನು ಬಿಟ್ಟದ್ದು ಇಲ್ಲಿಯೇ. ಇದಾವುದೂ 1799ರ ಕಥೆಯೊಳಗೆ ಹಿಡಿಸುವುದಿಲ್ಲ.

ಪ್ರವಾಸಿಗೆ ಯುದ್ಧದ ಕಥೆ ಸಾಕಲ್ಲವೇ, ಅದರಿಂದ ಯಾರಿಗೇನು ನಷ್ಟ ಎಂದು ಕೇಳುವವರಿಗೆ ನನ್ನ ಉತ್ತರ ನೇರವಾದದ್ದು: ಕಥೆಯೊಳಗೆ ಬಾರದ ಕಟ್ಟಡಕ್ಕೆ ಕಾವಲುಗಾರ ಸಿಗುವುದಿಲ್ಲ. ಗುಂಬಜ್, ದರಿಯಾ ದೌಲತ್‌ಗಳಿಗೆ ತೋಟ, ಬೇಲಿ, ಫಲಕಗಳಿವೆ. ಹಳೆಯ ಸೇತುವೆಯ ಕಂಬಗಳ ಸಂದಿನಲ್ಲಿ ಗಿಡ ಬೇರು ಬಿಟ್ಟರೆ ಕೀಳಿಸುವವರಿಲ್ಲ. ಗ್ಯಾರಿಸನ್ ಸ್ಮಶಾನ ಪಾಳುಬಿದ್ದು, ಕೊನೆಗೆ ಅದರ ಜೀರ್ಣೋದ್ಧಾರಕ್ಕೆ ಮುಂದೆ ಬಂದವರು ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ವಂಶಸ್ಥರು. ತಮ್ಮ ಕಥೆ ಅಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ನಮ್ಮದೂ ಇದೆ ಎಂಬುದು ನಮಗೆ ಹೊಳೆದಿರಲಿಲ್ಲ. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ತೆರೆದ ಮೇಲೆ ಬಹಳಷ್ಟು ವಾಹನಗಳು ಊರನ್ನು ಬಳಸಿ ಹೋಗುತ್ತವೆ. ಅದರಿಂದ ಅಂಗಡಿಯವರಿಗೆ ಪೆಟ್ಟು ಬಿದ್ದಿರಬಹುದು, ಆದರೆ ನಡೆಯುವವರಿಗೆ ದಾರಿ ಬಿಡುವಾಗಿದೆ. ಪುರಸಭೆಯೂ ಪುರಾತತ್ವ ಇಲಾಖೆಗಳೂ ಸೇರಿ ವೆಲ್ಲೆಸ್ಲಿ ಸೇತುವೆಯಿಂದ ಕೋಟೆ, ಲಾಲ್‌ಮಹಲಿನ ಅಡಿಪಾಯ, ಗಂಜಾಂ, ಸ್ಮಶಾನದವರೆಗೆ ಒಂದು ಕಾಲುದಾರಿಯನ್ನು ಗುರುತಿಸಲಿ. ಪ್ರತಿ ನಿಲುಗಡೆಯಲ್ಲಿ 1799ರ ನಂತರ ಅಲ್ಲಿ ಏನು ನಡೆಯಿತು ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಸಿ ಹಾಕಿಸಲಿ. ಮೊದಲ ಫಲಕ ಸೇತುವೆಯ ಬಳಿ ಇರಲಿ. ಅದರ ಮೇಲೆ ಪೂರ್ಣಯ್ಯನವರ ಹೆಸರೂ 1804 ಎಂಬ ವರ್ಷವೂ ಎದ್ದು ಕಾಣಲಿ.